ಮುಂಗಡವೋ ಜೀತವೋ: ಕಬ್ಬಿನ ಹಂಗಾಮಿಗೆ ಮುನ್ನ ಕೇಳಬೇಕಾದ ಪ್ರಶ್ನೆ

ಜೀತಪದ್ಧತಿಯನ್ನು ದೇಶದಿಂದ ಬೇರುಸಹಿತ ಕೀಳುವ ಸುಗ್ರೀವಾಜ್ಞೆ ಹೊರಬಿದ್ದುದು 1975ರ ಅಕ್ಟೋಬರ್ 24ರಂದು. ಮರುದಿನದಿಂದಲೇ ಅದು ಜಾರಿಗೆ ಬಂದಿತು. 1976ರ ಫೆಬ್ರುವರಿಯಲ್ಲಿ ಸಂಸತ್ತಿನ ಕಾಯಿದೆಯಾಯಿತು. ಅರ್ಧ ಶತಮಾನ ಕಳೆದಿದೆ. ಜತ್ತ, ಅಕ್ಕಲಕೋಟೆಗಳ ಒಣಭೂಮಿಯ ಹಳ್ಳಿಗಳಲ್ಲಿ ಮಾತ್ರ ಈಗಲೂ ಪ್ರತಿ ವರ್ಷ ದೀಪಾವಳಿ ಕಳೆದೊಡನೆ ಟ್ರ್ಯಾಕ್ಟರುಗಳು ಬಂದು ನಿಲ್ಲುತ್ತವೆ. ಪಾತ್ರೆ, ಹಾಸಿಗೆ, ಕುಡುಗೋಲು, ಮೇಕೆಮರಿ, ಮಕ್ಕಳು ಎಲ್ಲರನ್ನೂ ಹೇರಿಕೊಂಡು ಕಾರ್ಖಾನೆಗಳತ್ತ ಹೊರಡುತ್ತವೆ. ರಜೆ ಮುಗಿದು ಶಾಲೆ ತೆರೆದಾಗ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಸಾಲಾಗಿ ಗೈರುಹಾಜರಿಯ ಗುರುತು ಬೀಳತೊಡಗುತ್ತದೆ. ಆ ಮಕ್ಕಳು ಮರಳುವುದು ಮಾರ್ಚ್ ಇಲ್ಲವೇ ಏಪ್ರಿಲ್‌ನಲ್ಲಿ. ಕೆಲವರು ಮರಳುವುದೇ ಇಲ್ಲ.

ಈ ವಲಸೆಯನ್ನು ‘ಜೀತ’ ಎಂದು ಕರೆಯಬಹುದೇ? ಪ್ರಶ್ನೆ ಹಳೆಯದು, ಉತ್ತರ ಕೊಡುವಾಗ ಎಲ್ಲರೂ ತಡವರಿಸುತ್ತಾರೆ. ಕಾರ್ಖಾನೆಯವರು ಇದನ್ನು ‘ಕರಾರು’ ಎನ್ನುತ್ತಾರೆ, ಮುಕಾದಮರು ‘ಉಚಲ’ ಎನ್ನುತ್ತಾರೆ, ಹೋಗುವವರು ‘ಬಾಕಿ ಇದೆ, ಹೋಗಲೇಬೇಕು’ ಎನ್ನುತ್ತಾರೆ, ಅಧಿಕಾರಿಗಳು ‘ಹಂಗಾಮಿ ವಲಸೆ’ ಎಂದು ಬರೆದುಕೊಳ್ಳುತ್ತಾರೆ. ನಾಲ್ಕು ಹೆಸರುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವ ಹೆಸರನ್ನು ಬಳಸುತ್ತೇವೆ ಎಂಬುದರ ಮೇಲೆ ಆ ಕುಟುಂಬಕ್ಕೆ ಕಾನೂನಿನ ರಕ್ಷಣೆ ಸಿಗುವುದೋ ಇಲ್ಲವೋ ಎಂಬುದು ನಿಂತಿದೆ. ಆದ್ದರಿಂದ ಮೊದಲು ಪದದ ಅರ್ಥವನ್ನೇ ನೋಡೋಣ.

ಗಡಿನಾಡಿನವರಾದ ನಮಗೆ ಈ ಪದದ ವಿಚಾರದಲ್ಲಿ ಒಂದು ಅನುಕೂಲವಿದೆ: ಒಂದೇ ಸಂಕಟದ ಹೆಸರನ್ನು ನಾವು ಅನೇಕ ಭಾಷೆಗಳಲ್ಲಿ ಕೇಳಿದ್ದೇವೆ. ಕನ್ನಡದಲ್ಲಿ ಜೀತ, ಬಿಟ್ಟಿ ಚಾಕರಿ. ಮರಾಠಿಯಲ್ಲಿ ವೇಠಬಿಗಾರಿ. ತೆಲುಗಿನಲ್ಲಿ ವೆಟ್ಟಿ ಚಾಕಿರಿ. ತಮಿಳಿನಲ್ಲಿ ಕೊತ್ತಡಿಮೈ. ಸಂಸ್ಕೃತದ ‘ವಿಷ್ಟಿ’ಯೇ ನಮ್ಮಲ್ಲಿ ‘ಬಿಟ್ಟಿ’ಯಾಗಿ ಉಳಿದಿದೆ, ಅರಸನಿಗೋ ಊರಗೌಡನಿಗೋ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ದುಡಿಮೆಗೆ ಆ ಹೆಸರು. ಇಂದು ನಾವು ‘ಬಿಟ್ಟಿ ಸಿಕ್ಕಿತು’ ಎಂದು ಸಲೀಸಾಗಿ ಹೇಳುವಾಗ, ಒಂದು ಕಾಲಕ್ಕೆ ಆ ಬಿಟ್ಟಿಯನ್ನು ಕೊಟ್ಟವರು ಯಾರು ಎಂಬುದು ಮರೆತುಹೋಗಿರುತ್ತದೆ. ‘ಜೀತ’ದ ಕಥೆ ಇನ್ನೂ ವಿಚಿತ್ರ. ‘ಜೀವಿತ’ದಿಂದ ಬಂದ ಆ ಪದಕ್ಕೆ ಬಾಳ್ವೆಗಾಗಿ ಕೊಡುವ ಸಂಬಳ ಎಂಬ ಅರ್ಥವಿತ್ತು. ಆದೋನಿ, ರಾಯದುರ್ಗದ ಕಡೆಯ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಲುಗಿನಲ್ಲಿ ಇಂದಿಗೂ ‘ಜೀತಂ’ ಎಂದರೆ ತಿಂಗಳ ಸಂಬಳವೇ. ಸಂಬಳವೆಂಬ ಪದವೇ ಕನ್ನಡದಲ್ಲಿ ಬಂಧನವೆಂಬ ಅರ್ಥಕ್ಕೆ ಬಂದು ನಿಂತಿತು. ಸಂಬಳವನ್ನು ಮುಂಚಿತವಾಗಿಯೇ ಕೊಟ್ಟು ಮನುಷ್ಯನನ್ನು ಕಟ್ಟಿಹಾಕಿದ ವ್ಯವಸ್ಥೆ ಹಾಗೆ ಪದದೊಳಗೇ ದಾಖಲಾಗಿದೆ ಎಂದು ನಮಗೆ ತೋರುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1930ರಲ್ಲಿ ಅಂಗೀಕರಿಸಿದ 29ನೆಯ ಒಡಂಬಡಿಕೆ ಬಲವಂತದ ದುಡಿಮೆಯನ್ನು ಎರಡು ಲಕ್ಷಣಗಳಿಂದ ಗುರುತಿಸುತ್ತದೆ: ಯಾವುದಾದರೊಂದು ದಂಡನೆಯ ಬೆದರಿಕೆಯ ಅಡಿಯಲ್ಲಿ ಪಡೆದ ದುಡಿಮೆಯಾಗಿರಬೇಕು; ದುಡಿಯುವವನು ಸ್ವಇಚ್ಛೆಯಿಂದ ಒಪ್ಪಿಕೊಂಡಿರಬಾರದು. ಭಾರತ ಇದಕ್ಕೆ 1954ರಲ್ಲಿ ಸಹಿ ಹಾಕಿ ಬದ್ಧವಾಯಿತು. ಅದಕ್ಕೂ ಮೊದಲೇ ನಮ್ಮ ಸಂವಿಧಾನದ 23ನೆಯ ವಿಧಿ ಮಾನವರ ಮಾರಾಟವನ್ನೂ ಬೇಗಾರವನ್ನೂ ಅದರಂತಹ ಇತರ ಬಲವಂತದ ದುಡಿಮೆಯನ್ನೂ ನಿಷೇಧಿಸಿತ್ತು. ಮೂಲಭೂತ ಹಕ್ಕುಗಳಲ್ಲಿ ಬಹುಪಾಲು ಸರಕಾರದ ವಿರುದ್ಧ ಮಾತ್ರ ನಡೆಯುವಂಥವು. ಇದು ಹಾಗಲ್ಲ, ಜಮೀನುದಾರ, ಗುತ್ತಿಗೆದಾರ, ಕಾರ್ಖಾನೆ, ಯಾರ ವಿರುದ್ಧವೂ ನಡೆಯುತ್ತದೆ.

‘ಅವನೇ ಒಪ್ಪಿ ಹೋದನಲ್ಲ, ಬಲವಂತ ಎಲ್ಲಿ?’ ಎಂಬುದು ಎಲ್ಲ ಕಡೆ ಕೇಳಿಬರುವ ವಾದ. ಈ ವಾದಕ್ಕೆ ಸುಪ್ರೀಂ ಕೋರ್ಟು 1982ರಲ್ಲೇ ಉತ್ತರ ಕೊಟ್ಟಿದೆ. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣಗಳು, ಮೇಲ್ಸೇತುವೆಗಳು ಏಳುತ್ತಿದ್ದ ಕಾಲ. ಕಾರ್ಮಿಕರಿಗೆ ದಿನಕ್ಕೆ ಸಲ್ಲಬೇಕಾದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರರು ಅದನ್ನು ಜಮಾದಾರರ ಕೈಗೆ ಕೊಡುತ್ತಿದ್ದರು. ಜಮಾದಾರರು ಆಳಿಗೊಂದು ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದರು. ಒಂದೇ ಒಂದು ರೂಪಾಯಿ! ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರು ಬರೆದ ತೀರ್ಪು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ಮಾಡಿಸುವ ದುಡಿಮೆ 23ನೆಯ ವಿಧಿಯ ಅರ್ಥದಲ್ಲಿ ಬಲವಂತದ ದುಡಿಮೆಯೇ ಎಂದಿತು. ಬಲವೆಂದರೆ ದೊಣ್ಣೆ, ಬೇಲಿಗಳ ಬಲವಷ್ಟೇ ಅಲ್ಲ. ಹಸಿವೆ, ಬಡತನ, ಬೇರೆ ದಾರಿಯಿಲ್ಲದಿರುವಿಕೆ ಕೂಡ ಮನುಷ್ಯನನ್ನು ದೂಡುವ ಬಲವೇ ಎಂಬುದು ಅದರ ಸಾರ. 1983ರಲ್ಲಿ ಫರೀದಾಬಾದಿನ ಕಲ್ಲುಗಣಿಗಳ ಕುರಿತ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಬಲವಂತದ ದುಡಿಮೆ ಕಂಡುಬಂದ ಕಡೆ ಆತ ಮುಂಗಡ ಪಡೆದೇ ಆ ಸ್ಥಿತಿಗೆ ಬಂದಿರುವನೆಂದು ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸುವ ಹೊಣೆ ದುಡಿಸಿಕೊಂಡವನದು.

ಈಗ 1976ರ ಕಾಯಿದೆಯ ವ್ಯಾಖ್ಯೆಗೆ ಬರೋಣ. ಸಾಲ ಅಥವಾ ಮುಂಗಡಕ್ಕೆ ಪ್ರತಿಯಾಗಿ ಒಬ್ಬನು ತಾನಾಗಲಿ ತನ್ನ ಮನೆಯವರಾಗಲಿ ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿಯಬೇಕಾಗಿ ಬಂದರೆ ಅದು ಜೀತ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನ ಮಾತು: ಕೂಲಿ ಸಿಗುತ್ತಿದ್ದರೂ, ಆ ಮುಂಗಡದ ಕಾರಣದಿಂದ ಬೇರೆ ಕಡೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಹೋದರೆ ಅದೂ ಜೀತ. ದೇಶದಲ್ಲಿ ಬೇಕಾದಲ್ಲಿಗೆ ಹೋಗಿಬರುವ ಹಕ್ಕು ಹೋದರೆ ಅದೂ ಜೀತ. ತನ್ನ ಸ್ವತ್ತನ್ನೋ ದುಡಿಮೆಯ ಫಲವನ್ನೋ ಪೇಟೆಯ ಬೆಲೆಗೆ ಮಾರುವ ಹಕ್ಕು ಹೋದರೂ ಜೀತವೇ. ನಾಲ್ಕೂ ಒಟ್ಟಿಗೆ ಇರಬೇಕಾಗಿಲ್ಲ, ಒಂದು ಸಾಕು. ಒಪ್ಪಂದ ಬಾಯಿಮಾತಿನದಾದರೂ ಸರಿ, ಕಾಗದದ್ದಾದರೂ ಸರಿ. ಗುತ್ತಿಗೆ ಕಾರ್ಮಿಕರು, ಅಂತರರಾಜ್ಯ ವಲಸೆ ಕಾರ್ಮಿಕರು ಈ ಸ್ಥಿತಿಯಲ್ಲಿದ್ದರೆ ಅವರೂ ಜೀತದಾಳುಗಳೇ ಎಂಬ ವಿವರಣೆಯನ್ನು 1985ರಲ್ಲಿ ಸೇರಿಸಲಾಯಿತು. ‘ಇವರು ಗುತ್ತಿಗೆಯ ಕೂಲಿಗಳು, ಜೀತದವರಲ್ಲ’ ಎಂದು ಕಚೇರಿಗಳಲ್ಲಿ ಹೇಳಿ ಕಳುಹಿಸುವುದಕ್ಕೆ ಅಂದಿನಿಂದ ಆಧಾರವಿಲ್ಲ.

ಈ ಅಳತೆಗೋಲನ್ನು ಕಬ್ಬಿನ ಹೊಲಕ್ಕೆ ಹಿಡಿದು ನೋಡೋಣ. ಮಹಾರಾಷ್ಟ್ರದಲ್ಲಿ ಗಂಡಹೆಂಡಿರ ಜೋಡಿಯನ್ನು ಒಂದು ‘ಕೋಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಕುಡುಗೋಲಿನ ಹೆಸರೇ ಇಬ್ಬರು ಮನುಷ್ಯರ ಹೆಸರಾಗಿದೆ. ಮಳೆಗಾಲದಲ್ಲಿ, ಮನೆಯಲ್ಲಿ ಕಾಳುಕಡಿ ತೀರಿದ ಹೊತ್ತಿಗೆ, ಮದುವೆಗೋ ಆಸ್ಪತ್ರೆಗೋ ಹಣ ಬೇಕಾದ ಹೊತ್ತಿಗೆ, ಮುಕಾದಮ ಬಂದು ಜೋಡಿಗಿಷ್ಟು ಎಂದು ಉಚಲ ಕೊಡುತ್ತಾನೆ. ಕಡಿಯುವ ದರ 2024ರ ಜನವರಿಯ ಒಪ್ಪಂದದಲ್ಲಿ ಶೇ. 34ರಷ್ಟು ಏರಿ ಟನ್ನಿಗೆ ಸುಮಾರು 366 ರೂಪಾಯಿಯಾಯಿತು. ಉದಾಹರಣೆಗೆ ಒಂದು ಜೋಡಿ ಒಂದು ಲಕ್ಷ ರೂಪಾಯಿ ಮುಂಗಡ ಪಡೆದಿದೆ ಎಂದಿಟ್ಟುಕೊಳ್ಳೋಣ. ಅದು ತೀರಲು 273 ಟನ್ ಕಬ್ಬು ಕಡಿಯಬೇಕು. ದಿನಕ್ಕೆ ಎರಡು ಟನ್ ಕಡಿದರೂ, ಒಂದು ದಿನವೂ ಜ್ವರ ಬಾರದಿದ್ದರೂ, 137 ದಿನ ಬೇಕು. 2024–25ರ ಹಂಗಾಮು ಮೂರು ತಿಂಗಳು ದಾಟುವುದರೊಳಗೆ ಬಹಳ ಕಡೆ ಮುಗಿದುಹೋಯಿತು. ತೊಂಬತ್ತು ದಿನಕ್ಕೆ 180 ಟನ್, 65,880 ರೂಪಾಯಿ. ಉಳಿದ 34,120 ರೂಪಾಯಿ ಬಾಕಿ. ಈ ನಡುವೆ ಊಟಕ್ಕೆ, ಔಷಧಕ್ಕೆ ಪಡೆದ ಹಣ ಬೇರೆ. ಮುಂದಿನ ವರ್ಷ ಆ ಬಾಕಿಯನ್ನು ಹೊತ್ತುಕೊಂಡೇ ಅದೇ ಮುಕಾದಮನ ಜೊತೆ ಹೋಗಬೇಕು. ದರ ಏರಿದ್ದು ನಿಜ, ಅದಕ್ಕಾಗಿ ಹೋರಾಡಿದವರ ಶ್ರಮವೂ ಸಣ್ಣದಲ್ಲ. ಆದರೆ ದರದ ಏರಿಕೆ ಈ ಸುತ್ತನ್ನು ಒಡೆಯಲಿಲ್ಲ. ಸುತ್ತು ನಿಂತಿರುವುದು ಮುಂಗಡದ ಮೊತ್ತ ಮತ್ತು ಹಂಗಾಮಿನ ಉದ್ದ, ಈ ಎರಡರ ನಡುವಿನ ಅಂತರದ ಮೇಲೆ. ಕಾರ್ಖಾನೆಗಳು ಹೆಚ್ಚಿದಷ್ಟೂ ಹಂಗಾಮು ಗಿಡ್ಡವಾಗುತ್ತದೆ.

ಇನ್ನು ‘ಖಾಡಾ’. ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಆ ದಿನದ ಕೂಲಿ ಹೋಗುವುದು ಸಹಜ. ಅದರ ಮೇಲೆ ದಂಡವನ್ನೂ ಸಾಲಕ್ಕೆ ಸೇರಿಸುವ ರೂಢಿ ಇದು. ದಂಡನೆಯ ಬೆದರಿಕೆ ಎಂಬ 1930ರ ಮಾತಿಗೆ ಇದಕ್ಕಿಂತ ಸರಿಯಾದ ಉದಾಹರಣೆ ಸಿಗಲಾರದು. ಮುಟ್ಟಿನ ದಿನಗಳಲ್ಲಿ, ಬಸಿರು ಬಾಣಂತನದಲ್ಲಿ ಕೆಲಸ ತಪ್ಪಿಸಲಾಗದ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಳ್ಳುತ್ತಿರುವ ಸುದ್ದಿ 2019ರಲ್ಲಿ ಬೀಡ ಜಿಲ್ಲೆಯಿಂದ ಬಂದಾಗ ರಾಜ್ಯ ಸರಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮೀಕ್ಷೆಗೆ ಒಳಗಾದ 82 ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಈ ಸಂಖ್ಯೆಯ ಮುಂದೆ ‘ಸ್ವಇಚ್ಛೆ’ ಎಂಬ ಪದವನ್ನು ಯಾರಾದರೂ ಇಟ್ಟು ನೋಡಲಿ.

ಹಾಗೆಂದು ಉಚಲ ಪಡೆದ ಪ್ರತಿಯೊಂದು ಕುಟುಂಬವೂ ಜೀತದಲ್ಲಿದೆ ಎಂದು ನಾವು ಹೇಳುವುದಿಲ್ಲ. ಮುಂಗಡ ಪಡೆಯುವುದು ಅಪರಾಧವಲ್ಲ, ಕೊಡುವುದೂ ಅಲ್ಲ. ಲೆಕ್ಕ ಚೊಕ್ಕವಾಗಿದ್ದು, ಕೂಲಿ ಕನಿಷ್ಠ ದರಕ್ಕೆ ಕಡಿಮೆಯಿಲ್ಲದಿದ್ದು, ಬೇಡವೆನಿಸಿದಾಗ ಬಾಕಿಯನ್ನು ಬೇರೆ ದಾರಿಯಲ್ಲಿ ತೀರಿಸುತ್ತೇನೆಂದು ಹೇಳಿ ಹೊರಡಲು ಸಾಧ್ಯವಿದ್ದರೆ ಅದು ಸಾಲವಷ್ಟೇ. ಹೊರಟವನ ಟ್ರ್ಯಾಕ್ಟರ್ ಅಡ್ಡಗಟ್ಟಿದಾಗ, ಮಗನನ್ನು ಒತ್ತೆಯಾಗಿ ಇರಿಸಿಕೊಂಡಾಗ, ಆಧಾರ್ ಕಾರ್ಡು, ಪಡಿತರ ಚೀಟಿ ಕಿತ್ತುಕೊಂಡಾಗ, ಸತ್ತ ತಂದೆಯ ಬಾಕಿಗೆ ಮಕ್ಕಳನ್ನು ಕರೆದಾಗ ಅದು ಗೆರೆ ದಾಟಿತು. ಈ ಗೆರೆಯನ್ನು ಮಸುಕು ಮಾಡುವುದರಲ್ಲಿ ಎರಡೂ ಕಡೆಯವರಿಗೆ ಲಾಭವಿದೆ ಎಂಬುದೇ ತೊಡಕು.

ನಮ್ಮ ಓದುಗರಲ್ಲಿ ಟ್ರ್ಯಾಕ್ಟರ್ ಸಾಲ ಮಾಡಿ ಕಬ್ಬು ಸಾಗಣೆಗೆ ಇಳಿದವರೂ ಇದ್ದಾರೆ. ಅವರ ಅಹವಾಲನ್ನು ತಳ್ಳಿಹಾಕಲಾಗದು. ಕಾರ್ಖಾನೆಯಿಂದ, ಬ್ಯಾಂಕಿನಿಂದ ಲಕ್ಷಾಂತರ ರೂಪಾಯಿ ಎತ್ತಿ ಗ್ಯಾಂಗಿಗೆ ಹಂಚಿದ ಮೇಲೆ ಮುಕಾದಮನೇ ಕೈಕೊಟ್ಟು, ಕೂಲಿಗಳು ಬಾರದೆ, ಹೊಲ ಮಾರಿದವರ ಕಥೆಗಳು ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳ ಪೊಲೀಸ್ ಠಾಣೆಗಳಲ್ಲಿ ದೂರುಗಳಾಗಿ ಬಿದ್ದಿವೆ. ಒಂದೇ ಜೋಡಿ ಇಬ್ಬರಿಂದ ಉಚಲ ಪಡೆಯುವುದೂ ಉಂಟು. ಇದು ಮೋಸವೇ. ಮೋಸಕ್ಕೆ ನ್ಯಾಯಾಲಯವಿದೆ, ಆ ಹೆಸರಿನಲ್ಲಿ ಮನುಷ್ಯನನ್ನು ಕೂಡಿಹಾಕುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಜಗಳದಲ್ಲಿ ಸುರಕ್ಷಿತವಾಗಿ ಕುಳಿತಿರುವುದು ಕಾರ್ಖಾನೆ. ಕಬ್ಬು ಬೇಕಾದುದು ಅದಕ್ಕೆ; ಆದರೆ ಕೂಲಿಯವನ ಜೊತೆ ಅದಕ್ಕೆ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ಸಾಗಣೆದಾರನ ಜೊತೆ ಕರಾರು, ಸಾಗಣೆದಾರನಿಗೆ ಮುಕಾದಮನ ಜೊತೆ, ಮುಕಾದಮನಿಗೆ ಜೋಡಿಯ ಜೊತೆ. ಅಪಾಯವೆಲ್ಲ ಮೆಟ್ಟಿಲಿಳಿದು ಬಂದು ಕೊನೆಗೆ ಹೆಂಗಸಿನ ಬೆನ್ನ ಮೇಲೂ ಮಗುವಿನ ಪಾಟಿಚೀಲದ ಮೇಲೂ ಕೂರುತ್ತದೆ.

ಇದು ಮಹಾರಾಷ್ಟ್ರದ ಗಡಿಗೆ ಮಾತ್ರ ಸೇರಿದ ವಿಷಯವಲ್ಲ. ವಯನಾಡಿನ ಮಾನಂತವಾಡಿಯ ಬಳಿ ವಳ್ಳಿಯೂರ್‌ಕಾವಿನ ಭಗವತಿಯ ಜಾತ್ರೆಯಲ್ಲಿ, ಸುಮಾರು 1970ರ ದಶಕದವರೆಗೂ, ಜಮೀನುದಾರರು ಅಡಿಯ, ಪಣಿಯ ಕುಟುಂಬಗಳಿಗೆ ದೇವಿಯ ಸಾಕ್ಷಿಯಾಗಿ ಸಣ್ಣ ಮೊತ್ತವೊಂದನ್ನು ಕೊಟ್ಟು ಒಂದು ವರ್ಷದ ದುಡಿಮೆಯನ್ನು ಕೊಂಡುಕೊಳ್ಳುತ್ತಿದ್ದರು. ‘ನಿಲ್ಪುಪಣ’ ಎಂದರೆ ನಿಲ್ಲುವ ಹಣ. ಒಮ್ಮೆ ಪಡೆದರೆ ವರ್ಷ ತುಂಬುವವರೆಗೆ ಆ ಒಡೆಯನ ಬಳಿಯೇ ನಿಲ್ಲಬೇಕು. ಬಿಟ್ಟುಹೋದರೆ ದೇವಿಯ ಕೋಪ. ಉಚಲಕ್ಕೂ ಅದಕ್ಕೂ ರಚನೆಯಲ್ಲಿ ವ್ಯತ್ಯಾಸ ಕಾಣದು. ದೇವಿಯ ಜಾಗದಲ್ಲಿ ಈಗ ಪೊಲೀಸ್ ದೂರು ಇದೆ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಯೋಜನೆಯೆಂಬ ಮಂಗಳಕರ ಹೆಸರಿನಲ್ಲಿ ಹುಡುಗಿಯರನ್ನು ಮೂರು ವರ್ಷ ವಸತಿಗೃಹದಲ್ಲಿ ಇರಿಸಿ, ಕೊನೆಗೆ ಮದುವೆಯ ಖರ್ಚಿಗೆ ಇಡಿಗಂಟು ಕೊಡುವುದಾಗಿ ಹೇಳಿ, ನಡುವೆ ಬಿಟ್ಟರೆ ಅದನ್ನು ಕೊಡದಿರುವ ಪದ್ಧತಿ ಬಹಳ ಚರ್ಚೆಗೆ ಬಂದಿತ್ತು. ಅಲ್ಲಿ ಮುಂಗಡವಿಲ್ಲ, ಹಿಂಗಡವಿದೆ. ಕಟ್ಟಿಹಾಕುವ ಕೆಲಸ ಎರಡರಿಂದಲೂ ಆಗುತ್ತದೆ. ತಾಳವಾಡಿಯ ಕಡೆಯ ತಾಯ್ತಂದೆಯರು ಇದನ್ನು ನೆನಪಿಡಬೇಕು.

ಓದಿದವರಿಗೆ ಇದು ಸಂಬಂಧಿಸಿದ್ದಲ್ಲ ಎಂದುಕೊಳ್ಳುವಂತೆಯೂ ಇಲ್ಲ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ವಂಚನಾ ಕೇಂದ್ರಗಳಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಕಂಪ್ಯೂಟರ್ ಬಲ್ಲವರಿಗೆ ಥಾಯ್ಲೆಂಡಿನಲ್ಲಿ ಉದ್ಯೋಗವೆಂದು ಕರೆದು, ಪಾಸ್‌ಪೋರ್ಟ್ ಕಸಿದು, ಸೈಬರ್ ವಂಚನೆ ಮಾಡಿಸುವ ಜೀತ ಅದು. 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜು.

ಪದವನ್ನು ಎಲ್ಲೆಂದರಲ್ಲಿ ಬಳಸಿ ಸವೆಸುವುದೂ ಒಳ್ಳೆಯದಲ್ಲ. ಮತದಾರರ ಪಟ್ಟಿಯ ಕೆಲಸ, ಜನಗಣತಿಯ ಕೆಲಸ ಶಿಕ್ಷಕರಿಗೆ ಜೀತವಾಗಿದೆ ಎಂಬ ಮಾತನ್ನು ನಾವೆಲ್ಲ ಕೇಳುತ್ತೇವೆ. ಹೊರೆ ನಿಜ, ಅದರಿಂದ ಪಾಠ ಹಿಂದೆ ಬೀಳುವುದೂ ನಿಜ. ಏಕೋಪಾಧ್ಯಾಯ ಕನ್ನಡ ಶಾಲೆಗಳಲ್ಲಂತೂ ಬಾಗಿಲು ಮುಚ್ಚಿದಂತೆಯೇ. ಆದರೆ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು 23ನೆಯ ವಿಧಿಯ ಎರಡನೆಯ ಭಾಗವೇ ಸರಕಾರಕ್ಕೆ ಅವಕಾಶ ಕೊಟ್ಟಿದೆ. ಧರ್ಮ, ಜಾತಿ, ವರ್ಗಗಳ ಭೇದ ಮಾಡಬಾರದೆಂಬುದಷ್ಟೇ ಕಟ್ಟು. ಶಾಲೆಯ ಶ್ರಮದಾನದ ವಿಚಾರವೂ ಹೀಗೆಯೇ. ಎಲ್ಲ ಮಕ್ಕಳೂ ಸರದಿಯಂತೆ ಅಂಗಳ ಗುಡಿಸಿದರೆ ಅದು ಶಿಕ್ಷಣ. ಒಂದು ಕೇರಿಯ ಮಕ್ಕಳಿಗಷ್ಟೇ ಶೌಚಾಲಯ ತೊಳೆಯುವ ಕೆಲಸ ಹಚ್ಚಿದರೆ ಅದು ಅಪರಾಧ. ಪರಿಶಿಷ್ಟ ಜಾತಿ, ಪಂಗಡದವರಿಂದ ಬೇಗಾರ ಮಾಡಿಸುವುದನ್ನು 1989ರ ದೌರ್ಜನ್ಯ ತಡೆ ಕಾಯಿದೆ ಪ್ರತ್ಯೇಕವಾಗಿ ಹೆಸರಿಸಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. 1976ರ ಕಾಯಿದೆಯಲ್ಲಿ ಇರುವುದು ಹೆಚ್ಚೆಂದರೆ ಮೂರು ವರ್ಷ ಸೆರೆ, ಎರಡು ಸಾವಿರ ರೂಪಾಯಿ ದಂಡ. ಐವತ್ತು ವರ್ಷದ ಹಿಂದೆ ಎರಡು ಸಾವಿರ ದೊಡ್ಡ ಮೊತ್ತವಾಗಿತ್ತು. ಇಂದು ಅದು ಮುಕಾದಮನ ಒಂದು ವಾರದ ಡೀಸೆಲ್ಲಿಗೂ ಸಾಲದು. ಅದನ್ನು ತಿದ್ದುವ ಮನಸ್ಸು ಯಾವ ಸರಕಾರಕ್ಕೂ ಬಂದಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂದ ಕಾದಂಬರಿ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ. ಚೋಮನ ಸಾಲಕ್ಕಾಗಿ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗಿ ದುಡಿಯುವವರು ಅವನ ಮಕ್ಕಳು. ಬಿ. ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ಸುಗ್ರೀವಾಜ್ಞೆ ಬಂದ ವರ್ಷವೇ. ಸಾಲ ಮಾಡಿದವನು ಒಬ್ಬ, ತೀರಿಸುವವರು ಮಕ್ಕಳು ಎಂಬ ಆ ಕಥೆಯ ಎಳೆ ಕಬ್ಬಿನ ಹೊಲದಲ್ಲಿ ಇನ್ನೂ ತುಂಡಾಗಿಲ್ಲ. ಎಂಟು ಹತ್ತು ವರ್ಷದ ಹುಡುಗಿ ಜೋಪಡಿಯಲ್ಲಿ ತಮ್ಮನನ್ನು ನೋಡಿಕೊಂಡು ನೀರು ತರುತ್ತಾಳೆ; ಸ್ವಲ್ಪ ದೊಡ್ಡವನಾದ ಹುಡುಗ ಕಬ್ಬಿನ ತುದಿಗಳನ್ನು ಕಟ್ಟು ಕಟ್ಟುತ್ತಾನೆ. ಇದನ್ನು ಮನೆಯ ಕೆಲಸಕ್ಕೆ ನೆರವಾಗುವುದು ಎಂದು ಹೇಳಿ ಜಾರಿಕೊಳ್ಳುವವರಿದ್ದಾರೆ. 2016ರ ತಿದ್ದುಪಡಿಯ ನಂತರದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕರೊಳಗಿನ ಮಕ್ಕಳಿಗೆ ಸ್ವಂತ ಕುಟುಂಬದ ಉದ್ಯಮದಲ್ಲಿ, ಅದೂ ಶಾಲೆಯ ವೇಳೆಯ ಹೊರಗೆ, ನೆರವಾಗಲು ಮಾತ್ರ ಬಿಡುತ್ತದೆ. ಕಾರ್ಖಾನೆಗೆ ಹೋಗುವ ಕಬ್ಬು ಕುಟುಂಬದ ಉದ್ಯಮವಲ್ಲ.

ನಮ್ಮ ಮಕ್ಕಳ ವಿಷಯದಲ್ಲಿ ಇದಕ್ಕೆ ಇನ್ನೊಂದು ಗಂಟು ಬಿದ್ದಿದೆ. ಮರಾಠಿ ಮಾಧ್ಯಮದ ಮಗು ಕಾರ್ಖಾನೆಯ ಬಳಿಯ ಸಾಖರಶಾಳೆಗೋ ಹತ್ತಿರದ ಜಿಲ್ಲಾ ಪರಿಷತ್ ಶಾಲೆಗೋ ಹೋಗಿ ಕುಳಿತರೆ ಕನಿಷ್ಠ ಪಾಠ ಅರ್ಥವಾಗುತ್ತದೆ. ಕನ್ನಡದಲ್ಲಿ ಎರಡನೆಯ ತರಗತಿ ಓದುತ್ತಿದ್ದ ಮಗುವಿಗೆ ಸಾತಾರಾದ ಕಡೆಯ ಆ ಕೋಣೆಯಲ್ಲಿ ಅಕ್ಷರವೂ ಹೊಸದು, ಮಾತೂ ಹೊಸದು. ಐದು ತಿಂಗಳ ನಂತರ ಊರಿಗೆ ಬಂದಾಗ ಕನ್ನಡದ ಪುಸ್ತಕ ಅರ್ಧ ಮುಂದೆ ಹೋಗಿರುತ್ತದೆ. ಹೀಗೆ ಎರಡು ಹಂಗಾಮು ಕಳೆದರೆ ಆ ಮಗು ಶಾಲೆ ಬಿಟ್ಟಂತೆಯೇ. ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದ ಶಾಲೆಯಿಂದ ಊರಲ್ಲೇ ಉಳಿದ ಮಕ್ಕಳನ್ನೂ ಪಾಲಕರು ಬಿಡಿಸಿ ಬೇರೆ ಮಾಧ್ಯಮಕ್ಕೆ ಹಾಕುತ್ತಾರೆ. ಗಡಿಯ ಕನ್ನಡ ಶಾಲೆಗಳು ಸೊರಗುವುದಕ್ಕೆ ಇಂಗ್ಲಿಷಿನ ಮೋಹವನ್ನು, ರಾಜ್ಯ ಸರಕಾರದ ಅಸಡ್ಡೆಯನ್ನು ನಾವು ಮತ್ತೆ ಮತ್ತೆ ಬೈಯುತ್ತೇವೆ. ಉಚಲದ ಲೆಕ್ಕವನ್ನು ಆ ಪಟ್ಟಿಗೆ ಸೇರಿಸುವವರು ಕಡಿಮೆ. 2012ರಲ್ಲಿ ಜತ್ತದ ಗಡಿಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು, 2022ರಲ್ಲಿ ಅದೇ ಠರಾವನ್ನು ಹಿಡಿದು ಎರಡು ರಾಜ್ಯಗಳ ನಾಯಕರು ಮಾತಿನ ಮಲ್ಲಯುದ್ಧ ನಡೆಸಿದ್ದು ಎಲ್ಲರಿಗೂ ನೆನಪಿದೆ. ಆ ಗದ್ದಲದಲ್ಲಿ ನೀರಿಲ್ಲದ ಹೊಲದವನು ಯಾರ ಕಬ್ಬು ಕಡಿಯಲು ಹೋಗುತ್ತಾನೆ ಎಂದು ಎರಡೂ ಕಡೆಯವರು ಕೇಳಲಿಲ್ಲ. ಮ್ಹೈಸಾಳ ಯೋಜನೆಯ ನೀರು ಕೊನೆಯ ಹಳ್ಳಿಗೆ ಮುಟ್ಟುವುದು ಜೀತವಿಮೋಚನೆಯ ಕೆಲಸವೂ ಹೌದು.

ಸರಕಾರ ಏನೂ ಮಾಡಿಲ್ಲವೆನ್ನಲಾಗದು. ಮಹಾರಾಷ್ಟ್ರ ಸರಕಾರ ಗೋಪೀನಾಥ ಮುಂಡೆ ಹೆಸರಿನಲ್ಲಿ ಕಬ್ಬು ಕಡಿಯುವವರ ಕಲ್ಯಾಣ ಮಹಾಮಂಡಳವನ್ನು ಸ್ಥಾಪಿಸಿದೆ. ಅರೆಯುವ ಪ್ರತಿ ಟನ್ ಕಬ್ಬಿನ ಮೇಲೆ ಕಾರ್ಖಾನೆಗಳಿಂದ 10 ರೂಪಾಯಿ ಅದಕ್ಕೆ ಸಲ್ಲಬೇಕು. ಸಂತ ಭಗವಾನಬಾಬಾ ಹೆಸರಿನ ವಸತಿಗೃಹಗಳ ಯೋಜನೆಯೂ ಇದೆ. ಆದರೆ ಅದು ಮರಾಠವಾಡವನ್ನೇ ಮುಖ್ಯವಾಗಿ ಕಣ್ಣ ಮುಂದಿಟ್ಟುಕೊಂಡು ರೂಪಿಸಿದ್ದು, ಕನ್ನಡ ಮಾಧ್ಯಮದ ಮಗುವಿನ ಯೋಚನೆ ಅದರಲ್ಲಿ ಇಲ್ಲ. ಕೇಂದ್ರದ ಮಟ್ಟದಲ್ಲಿ 1978ರಿಂದ ಈಚೆಗೆ ಬಿಡುಗಡೆಯಾದ ಜೀತದಾಳುಗಳ ಸಂಖ್ಯೆ ಸುಮಾರು 3.15 ಲಕ್ಷ. 2030ರೊಳಗೆ 1.84 ಕೋಟಿ ಜನರನ್ನು ಬಿಡಿಸುವುದಾಗಿ 2016ರಲ್ಲಿ ಘೋಷಣೆಯಾಯಿತು. ಈಚಿನ ವರ್ಷಗಳಲ್ಲಿ ಬಿಡುಗಡೆ, ಪುನರ್ವಸತಿಗಳ ಲೆಕ್ಕ ವರ್ಷಕ್ಕೆ ಕೆಲವು ನೂರಕ್ಕೆ ಇಳಿದಿದೆ. ಜೀತವೇ ಕಡಿಮೆಯಾಯಿತೆಂದು ಇದರಿಂದ ತಿಳಿಯುವುದು ತಪ್ಪಾದೀತು. ಬಿಡುಗಡೆಯ ಪ್ರಮಾಣಪತ್ರ ಕೊಟ್ಟರೆ ತನ್ನ ಜಿಲ್ಲೆಯಲ್ಲಿ ಜೀತವಿತ್ತೆಂದು ಜಿಲ್ಲಾಧಿಕಾರಿ ಬರೆದುಕೊಟ್ಟಂತಾಗುತ್ತದೆ. ಆದ್ದರಿಂದ ಪ್ರಕರಣಗಳು ‘ಕೂಲಿ ಬಾಕಿ ವಿವಾದ’ ಎಂಬ ಸೌಮ್ಯವಾದ ಹೆಸರಿನಲ್ಲಿ ಮುಗಿಯುತ್ತವೆ. ತಕ್ಷಣದ ನೆರವು 30 ಸಾವಿರ ರೂಪಾಯಿವರೆಗೆ ಸಿಗುತ್ತದೆ. ಪೂರ್ಣ ಪುನರ್ವಸತಿಯ ಹಣ, ಗಂಡಸಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ ಮೂರು ಲಕ್ಷ, ಆರೋಪಿಗೆ ಶಿಕ್ಷೆಯಾಗುವುದಕ್ಕೆ ತಳಕು ಹಾಕಿಕೊಂಡಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯಿದೆ ಅವುಗಳಲ್ಲಿ ಕರಗಿಹೋಯಿತು. ಜೀತಪದ್ಧತಿ ರದ್ದತಿ ಕಾಯಿದೆ ಮಾತ್ರ ಪ್ರತ್ಯೇಕವಾಗಿಯೇ ಉಳಿದಿದೆ.

ಉಳಿದಿರುವ ಆ ಕಾಯಿದೆಯಲ್ಲಿ ಬಳಕೆಗೆ ಬರುವ ಮಾತುಗಳಿವೆ. ಜೀತದ ಸಾಲವನ್ನು ತೀರಿಸುವ ಹೊಣೆಯೇ ರದ್ದಾಗಿದೆ. ‘ಇದು ಜೀತದ ಸಾಲ’ ಎಂದು ದುಡಿಯುವವನು ಹೇಳಿದರೆ ಅಲ್ಲವೆಂದು ಸಾಧಿಸುವ ಭಾರ ಸಾಲ ಕೊಟ್ಟವನದು. ದೂರು ಕೊಡಬೇಕಾದುದು ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ. ಎರಡೂ ಹಂತದಲ್ಲಿ ಜಾಗೃತ ಸಮಿತಿ ಇರಬೇಕು. ದೂರನ್ನು ಮರಾಠಿಯಲ್ಲೇ ಬರೆಯಬೇಕೆಂದು ಯಾರಾದರೂ ಹಿಂದಿರುಗಿಸಿದರೆ ಸಂವಿಧಾನದ 350ನೆಯ ವಿಧಿಯನ್ನು ತೋರಿಸಬಹುದು: ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗಬೇಕೆಂಬ 350ಎ ವಿಧಿಯನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಅದರ ಹಿಂದಿನ ವಿಧಿಯನ್ನು ಬಳಸಿದ್ದು ಕಡಿಮೆ. ಬೇಗಾರಕ್ಕೆ ಒಳಗಾದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಒದಗಿಸಬೇಕು. ಮಗುವೊಂದನ್ನು ಕೂಡಿಹಾಕಿದ್ದರೆ 1098ಕ್ಕೆ ಕರೆ ಮಾಡಬಹುದು.

ಹೋಗಲೇಬೇಕಾದ ಕುಟುಂಬಗಳಿಗೆ ಇವೆಲ್ಲ ದೂರದ ಮಾತಾಗಿ ಕೇಳಿಸಬಹುದು. ಅವರು ಹೊರಡುವ ಮೊದಲು ಪಡೆದ ಮೊತ್ತವನ್ನು, ಟನ್ನಿನ ದರವನ್ನು, ಹಳೆಯ ಬಾಕಿಯನ್ನು ಕಾಗದದ ಮೇಲೆ ಬರೆಸಿ ಒಂದು ಪ್ರತಿ ತಮ್ಮ ಬಳಿ ಇಟ್ಟುಕೊಳ್ಳಲಿ. ಓದಲು ಬರುವ ಮಗುವಿನಿಂದ ಅದನ್ನು ಓದಿಸಿ ನೋಡಲಿ. ಮಗುವನ್ನು ಊರಲ್ಲೇ ಬಿಡುವುದಾದರೆ ಹಂಗಾಮಿ ವಸತಿಗೃಹದ ಬೇಡಿಕೆಯನ್ನು ಮುಖ್ಯಾಧ್ಯಾಪಕರೂ ಶಾಲಾ ವ್ಯವಸ್ಥಾಪನ ಸಮಿತಿಯೂ ಸೇರಿ ಜಿಲ್ಲಾ ಪರಿಷತ್ತಿಗೆ ಮುಟ್ಟಿಸಬೇಕು. ಟ್ರ್ಯಾಕ್ಟರ್ ಬಂದು ನಿಂತ ಮೇಲೆ ಅರ್ಜಿ ಬರೆದರೆ ಮಂಜೂರಿ ಬರುವುದು ಹಂಗಾಮು ಮುಗಿದಾಗ. ಕರೆದುಕೊಂಡೇ ಹೋಗುವುದಾದರೆ ಶಿಕ್ಷಣ ಹಮಿ ಕಾರ್ಡನ್ನು ಶಾಲೆಯಿಂದ ಪಡೆದು ಒಯ್ಯಬೇಕು. ವರ್ಗಾವಣೆ ಪತ್ರ ಇಲ್ಲವೆಂಬ ಕಾರಣಕ್ಕೆ ಪ್ರವೇಶ ತಡೆಯಲು 2009ರ ಶಿಕ್ಷಣ ಹಕ್ಕು ಕಾಯಿದೆ ಬಿಡುವುದಿಲ್ಲ. ಚೀಲದಲ್ಲಿ ಆ ವರ್ಷದ ಕನ್ನಡ ಪುಸ್ತಕಗಳಿರಲಿ. ನಮ್ಮ ಶಿಕ್ಷಕರಲ್ಲಿ ಕೆಲವರು ಇಂಥ ಮಕ್ಕಳಿಗೆ ಫೋನಿನಲ್ಲೇ ರಾತ್ರಿ ಪಾಠ ಹೇಳುವುದುಂಟು. ಸಂಜೆ ಏಳರ ನಂತರ ಜೋಪಡಿಯಲ್ಲಿ ಫೋನು ಚಾರ್ಜ್ ಆಗಿರುತ್ತದೆಯೇ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆ. ಅಕ್ಕಲಕೋಟೆ, ಜತ್ತ ತಾಲೂಕುಗಳ ಪ್ರತಿ ಕನ್ನಡ ಶಾಲೆಯಿಂದ ಕಳೆದ ಹಂಗಾಮಿನಲ್ಲಿ ಎಷ್ಟು ಮಕ್ಕಳು ಹೋದರು, ಎಷ್ಟು ಮಂದಿ ಮರಳಿದರು ಎಂಬ ಪಟ್ಟಿಯನ್ನು ಈ ಸಲ ಮಳೆಗಾಲ ಮುಗಿಯುವುದರೊಳಗೆ ಗಟಶಿಕ್ಷಣಾಧಿಕಾರಿಗಳ ಕಚೇರಿಯಿಂದ ಮಾಹಿತಿ ಹಕ್ಕಿನಲ್ಲಿ ಕೇಳುವಂತೆ ಪಾಲಕರ ಸಮಿತಿಗಳನ್ನು ನಾವು ಕೋರುತ್ತೇವೆ.